ಕಾರು ಹೊಸದು, ದೋಷ ಯಾರದು?

ನಿಮ್ಮ ಮನೆಗೋ ನೆರೆಮನೆಗೋ ಹೊಸ ಕಾರು ಬಂದ ದಿನವನ್ನು ನೆನಪಿಸಿಕೊಳ್ಳಿ. ಹೂವಿನ ಹಾರ, ಅರಿಶಿನ ಕುಂಕುಮ, ಚಕ್ರಗಳಡಿ ನಿಂಬೆಹಣ್ಣು. ಇದೇ ನಿಂಬೆಹಣ್ಣಿಗೆ ಅಮೆರಿಕದಲ್ಲಿ ಬೇರೆಯೇ ಅರ್ಥ. ಕೊಂಡ ಮೇಲೆ ಪದೇ ಪದೇ ಕೆಡುವ ಹೊಸ ಕಾರನ್ನೇ ಅಲ್ಲಿನ ಜನ ‘ಲೆಮನ್’ ಎನ್ನುತ್ತಾರೆ! 1982ರಲ್ಲಿ ಕನೆಕ್ಟಿಕಟ್ ರಾಜ್ಯವು ಇಂಥ ಕಾರು ಕೊಂಡವರಿಗಾಗಿಯೇ ಒಂದು ಕಾನೂನು ಮಾಡಿತು. ಒಂದೇ ದೋಷವನ್ನು ನಾಲ್ಕು ಸಲ ರಿಪೇರಿ ಮಾಡಿದರೂ ಹೋಗದಿದ್ದರೆ, ಇಲ್ಲವೇ ಕಾರು ಒಟ್ಟು 30 ದಿನ ವರ್ಕ್‌ಶಾಪಿನಲ್ಲೇ ಕಳೆದರೆ, ತಯಾರಕರಿಗೆ ಕೊಡಬೇಕಾದಷ್ಟು ಅವಕಾಶ ಕೊಟ್ಟಾಯಿತು ಎಂದು ಆ ಕಾನೂನು ಭಾವಿಸುತ್ತದೆ.

ನಮ್ಮಲ್ಲಿ ಇಂಥ ಲೆಕ್ಕದ ಗೆರೆ ಇಲ್ಲ. ಇರುವುದು ಎಲ್ಲ ಸರಕುಗಳಿಗೂ ಅನ್ವಯಿಸುವ ಗ್ರಾಹಕ ಸಂರಕ್ಷಣಾ ಕಾಯಿದೆ. 1986ರ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವನ್ನು ಸರಿಪಡಿಸಿ ಕೊಡಿ, ಬೇರೆ ಸರಕು ಕೊಡಿ, ಹಣ ಹಿಂದಿರುಗಿಸಿ, ನಷ್ಟ ತುಂಬಿಕೊಡಿ ಎಂದು ಆದೇಶಿಸುವ ಅಧಿಕಾರ ಗ್ರಾಹಕ ಆಯೋಗಕ್ಕೆ ಇದೆ. ಹಾಗಾದರೆ ಗೇರು ಸರಿಯಾಗಿ ಬೀಳದ ಕಾರನ್ನು ಹಿಂದಕ್ಕೆ ಕೊಟ್ಟು ಹೊಸದನ್ನು ತರಬಹುದೇ? ಅಷ್ಟು ಸುಲಭವಲ್ಲ.

2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂದಿತ್ತು. ಕ್ಲಚ್ಚಿನಲ್ಲಿ ದೋಷವಿದ್ದ ಕಾರನ್ನೇ ಬದಲಿಸಿ ಕೊಡಬೇಕೆಂದು ಕೆಳಗಿನ ಹಂತದಲ್ಲಿ ಆದೇಶವಾಗಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ವಾರಂಟಿಯಲ್ಲಿ ಕಂಪನಿ ಒಪ್ಪಿಕೊಂಡಿರುವುದು ಕೆಟ್ಟ ಭಾಗವನ್ನು ರಿಪೇರಿ ಮಾಡಲು ಅಥವಾ ಬದಲಿಸಲು. ಇಡೀ ವಾಹನವನ್ನು ಬದಲಿಸಲು ಅಲ್ಲ ಎಂಬುದು ಅದರ ತರ್ಕ. ಆದ್ದರಿಂದ ಕಾರು ಕೊಂಡ ದಿನ ಯಾರೂ ಓದದ ಆ ಸಣ್ಣ ಅಕ್ಷರದ ವಾರಂಟಿ ಪುಸ್ತಕವನ್ನು ನೀವಾದರೂ ಓದಿ ಮನೆಯವರಿಗೆ ತಿಳಿಸಿ.

ಇಡೀ ಕಾರನ್ನೋ ಅದರ ಬೆಲೆಯನ್ನೋ ಕೇಳುವವರು ದೋಷವು ತಯಾರಿಕೆಯಲ್ಲೇ ಇದೆ ಎಂದು ತೋರಿಸಬೇಕಾಗುತ್ತದೆ. ನೋಡಿದ ಮಾತ್ರಕ್ಕೆ ತಿಳಿಯದ ದೋಷವಾದರೆ ತಜ್ಞರ ಪರೀಕ್ಷೆ ನಡೆಯಬೇಕೆಂದು ಕಾಯಿದೆಯೇ ಹೇಳುತ್ತದೆ. ಪರೀಕ್ಷೆಯ ಶುಲ್ಕವನ್ನು ಮೊದಲು ಕಟ್ಟಬೇಕಾದವನು ಗ್ರಾಹಕನೇ. ಅನೇಕ ದೂರುಗಳು ಬಿದ್ದುಹೋಗುವುದು ಇಲ್ಲೇ. “ಕಾರು ನಡುಗುತ್ತದೆ” ಎಂಬುದು ದೂರು, ಪುರಾವೆ ಅಲ್ಲ.

ಇಲ್ಲಿ ನಿಮ್ಮ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಕಾರು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದಾಗ ನಡುಗುತ್ತದೆ ಎನ್ನಿ. ಅಂದರೆ ಸೆಕೆಂಡಿಗೆ 25 ಮೀಟರ್. ಚಕ್ರದ ಸುತ್ತಳತೆ ಸುಮಾರು 1.8 ಮೀಟರ್ ಇದ್ದರೆ ಅದು ಸೆಕೆಂಡಿಗೆ ಹೆಚ್ಚುಕಡಿಮೆ 14 ಸುತ್ತು ತಿರುಗುತ್ತಿರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿದ್ದರೆ ಸೆಕೆಂಡಿಗೆ 50 ಸುತ್ತಾಯಿತು. ಈಗ ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನನ್ನು ಮಾತ್ರ ಅದೇ 3,000ಕ್ಕೆ ಏರಿಸಲು ಮೆಕ್ಯಾನಿಕ್‌ಗೆ ಹೇಳಿ. ಆಗಲೂ ನಡುಕ ಬಂದರೆ ಸಂಶಯ ಎಂಜಿನ್ ಕಡೆಗೆ. ಬಾರದಿದ್ದರೆ ಹೆಚ್ಚಾಗಿ ಚಕ್ರ, ಟೈರು, ಆಕ್ಸಲ್ ಕಡೆಗೆ. ಚಕ್ರದ ಅಂಚಿನಲ್ಲಿ ಕೆಲವೇ ಗ್ರಾಂ ತೂಕ ಹೆಚ್ಚುಕಡಿಮೆಯಾದರೂ ಆ ವೇಗದಲ್ಲಿ ಸ್ಟಿಯರಿಂಗ್ ಕೈಯಲ್ಲಿ ಅದುರುತ್ತದೆ. ಒಂದು ಅಂಶವನ್ನು ಬದಲಿಸಿ ಉಳಿದವನ್ನು ಹಾಗೇ ಇಡುವುದು ಪ್ರಯೋಗಾಲಯದಲ್ಲಿ ನೀವು ಕಲಿತ ವಿಧಾನವೇ ತಾನೆ? ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಟೈರು ಮತ್ತು ಬ್ಯಾಟರಿಗಳ ಹೊಣೆ ಸಾಮಾನ್ಯವಾಗಿ ಕಾರು ಕಂಪನಿಯದಲ್ಲ, ಅವುಗಳನ್ನು ತಯಾರಿಸಿದವರದು. ದೋಷ ಎಲ್ಲಿದೆಯೆಂದು ತಿಳಿದರೆ ಯಾರನ್ನು ಕೇಳಬೇಕೆಂಬುದೂ ತಿಳಿಯುತ್ತದೆ.

ಇನ್ನು ಜಾಬ್ ಕಾರ್ಡು. ಪ್ರತಿ ಸಲ ಕಾರು ವರ್ಕ್‌ಶಾಪಿಗೆ ಹೋದಾಗಲೂ ಮಾಲೀಕನ ದೂರು ಅದರಲ್ಲಿ ಅವನದೇ ಮಾತಿನಲ್ಲಿ ದಾಖಲಾಗಬೇಕು. ಎಷ್ಟು ಕಿಲೋಮೀಟರ್ ಓಡಿದೆ, ಯಾವ ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಎಂಬುದೆಲ್ಲ ಇರಬೇಕು. ಅನೇಕ ಕಡೆ ‘ಜನರಲ್ ಚೆಕಪ್’ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಎರಡು ವರ್ಷಗಳ ನಂತರ ಆಯೋಗದ ಮುಂದೆ ಆ ಹಾಳೆ ಗ್ರಾಹಕನ ವಿರುದ್ಧವೇ ಸಾಕ್ಷಿ ಹೇಳುತ್ತದೆ. “ಇಷ್ಟು ಸಾವಿರ ಕಿಲೋಮೀಟರ್ ಓಡಿದೆ, ದೋಷ ಎಲ್ಲಿದೆ ಸ್ವಾಮಿ?” ಎಂಬುದು ಎದುರು ವಕೀಲರ ನೆಚ್ಚಿನ ಪ್ರಶ್ನೆ. ಸಾಲದ ಕಂತು ಕಟ್ಟುತ್ತಿರುವ ಸಂಸಾರ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ನೋಡುತ್ತಾ ಕೂರಲಾಗದು ಎಂಬುದು ನಿಜ. ಆದರೆ ಉತ್ತರ ಹೇಳಬೇಕಾದ್ದು ಕಾಗದಪತ್ರಗಳು.

ದೂರು ಕೊಡುವಾಗ ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರು ಪಕ್ಷದಲ್ಲಿ ಸೇರಿಸುವುದು ಕ್ಷೇಮ. ಡೀಲರ್ ಮಾಡಿದ ತಪ್ಪಿಗೆಲ್ಲ ತಯಾರಕರು ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾರಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. 2019ರ ಕಾಯಿದೆಯಿಂದ ಒಂದು ದೊಡ್ಡ ಅನುಕೂಲವಾಗಿದೆ: ಬೆಂಗಳೂರಿನಲ್ಲಿ ಕೊಂಡ ಕಾರಿಗೆ ಬೀದರಿನವರು ಬೀದರಿನಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ತಾವೇ ವಾದಿಸಬಹುದು. ವ್ಯಾಪಾರಕ್ಕಾಗಿ ಕೊಂಡವರು ಗ್ರಾಹಕರಲ್ಲ. ಆದರೆ ತಾನೇ ಓಡಿಸಿ ಹೊಟ್ಟೆ ಹೊರೆಯುವ ಟ್ಯಾಕ್ಸಿ ಚಾಲಕ ಖಂಡಿತ ಗ್ರಾಹಕ.

ಪರೀಕ್ಷೆ ಬೇಕಾದ ದೂರನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆಯಲ್ಲಿದೆ. ನಡೆಯುವುದು ಅಪರೂಪ. ಗ್ರಾಹಕನಿಗೆ ಹಾಕಿದ ಗಡುವು ಮಾತ್ರ ಬಿಗಿಯಾದದ್ದು: ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ತಡವಾದರೆ ಆಯೋಗವು ಒಪ್ಪುವಂಥ ಕಾರಣ ಹೇಳಬೇಕು. ವರ್ಕ್‌ಶಾಪಿನವರು “ಮುಂದಿನ ಸರ್ವಿಸಿಗೆ ನೋಡೋಣ ಬಿಡಿ ಸಾರ್” ಎನ್ನುತ್ತಿರುವಾಗಲೂ ಈ ಗಡಿಯಾರ ಓಡುತ್ತಿರುತ್ತದೆ.