ಒಂದೇ ಹೋರಿ, ಬಗೆಬಗೆ ಕರು

ಬೀದರ ಜಿಲ್ಲೆಯ ಕೊಹಿನೂರ, ಬಸವಕಲ್ಯಾಣ, ಹುಮನಾಬಾದ ಕಡೆ ದೇವಣಿ ದನಗಳದ್ದೇ ಸೀಮೆ. ಲಾತೂರ ಜಿಲ್ಲೆಯ ದೇವಣಿ ಊರಿನ ಹೆಸರು ಹೊತ್ತ ಈ ತಳಿಯಲ್ಲಿ ಮೂರು ಬಣ್ಣದವು ಸಿಗುತ್ತವೆ: ಬಿಳಿ ಮೈಗೆ ಕಪ್ಪು ಮುಖದ ವಾನ್ನೇರಾ, ಹೊಟ್ಟೆಯಡಿ ಕಪ್ಪು ಚುಕ್ಕೆಯ ಬಾಲಂಕ್ಯಾ, ಮೈಮೇಲೆಲ್ಲ ಕಪ್ಪು ಮಚ್ಚೆಯ ಶೇವರಾ. ಅದೇ ಆಕಳಿಗೆ ಅದೇ ಹೋರಿಯ ವೀರ್ಯಕಡ್ಡಿ ಮತ್ತೆ ಹಾಕಿಸಿದರೂ ಹೋದ ಸಲದಂಥದೇ ಕರು ಹುಟ್ಟುವುದಿಲ್ಲ. ಇದಕ್ಕೆ ಕಾರಣ ಮಿಯಾಸಿಸ್ ಎಂಬ ಕೋಶವಿಭಜನೆ.

ದನದ ಪ್ರತಿ ಜೀವಕೋಶದಲ್ಲಿ 30 ಜೋಡಿ, ಅಂದರೆ 60 ವರ್ಣತಂತುಗಳಿವೆ. ಜೋಡಿಯಲ್ಲೊಂದು ತಂದೆಯದು, ಇನ್ನೊಂದು ತಾಯಿಯದು. ವೀರ್ಯಾಣು, ಅಂಡಾಣುಗಳಿಗೆ 30 ಮಾತ್ರ ಸಾಕು. ಹಾಗಾಗಿ ಕೋಶವು ವರ್ಣತಂತುಗಳನ್ನು ಒಮ್ಮೆ ನಕಲು ಮಾಡಿಕೊಂಡು ಎರಡು ಬಾರಿ ಒಡೆಯುತ್ತದೆ.

ಮೊದಲ ಒಡೆತಕ್ಕೆ ಮುಂಚೆ ಜೋಡಿಗಳು ಉದ್ದಕ್ಕೂ ಅಂಟಿಕೊಂಡು ನಿಲ್ಲುತ್ತವೆ. ಅಲ್ಲಲ್ಲಿ ತುಂಡಾಗಿ, ಒಂದರ ತುಂಡು ಇನ್ನೊಂದಕ್ಕೆ ಕೂಡಿಕೊಳ್ಳುತ್ತದೆ. ಅಜ್ಜನ ಗುಣ, ಅಜ್ಜಿಯ ಗುಣ ಒಂದೇ ತಂತುವಿನಲ್ಲಿ ಬೆರೆಯುವುದು ಇಲ್ಲಿ. ಆಮೇಲೆ ಜೋಡಿ ಬೇರಾಗುವಾಗ ಯಾವುದು ಯಾವ ಕಡೆ ಹೋಗಬೇಕೆಂಬ ಕಟ್ಟಳೆಯಿಲ್ಲ. 30 ಜೋಡಿಗಳನ್ನು ಹೀಗೆ ಹಂಚುವುದರಿಂದಲೇ ಸುಮಾರು 107 ಕೋಟಿ ಬಗೆಯ ವೀರ್ಯಾಣುಗಳು ಸಾಧ್ಯ. ತುಂಡುಗಳ ಅದಲುಬದಲು ಸೇರಿದರೆ ಲೆಕ್ಕ ಇನ್ನೂ ಎಷ್ಟೋ ಪಾಲು ಬೆಳೆಯುತ್ತದೆ. ಎರಡನೇ ಒಡೆತದಲ್ಲಿ ನಕಲುಗಳು ಬೇರೆಯಾಗುತ್ತವೆ.

ಹೋರಿಯಲ್ಲಿ ಈ ಕೆಲಸ ಪ್ರಾಯ ಬಂದ ಮೇಲೆ ನಿರಂತರ. ಆಕಳಲ್ಲಿ ಹಾಗಲ್ಲ: ಹೆಣ್ಣುಗರು ತಾಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳಲ್ಲಿ ಮಿಯಾಸಿಸ್ ಶುರುವಾಗಿ, ತುಂಡುಗಳ ಅದಲುಬದಲು ಆದ ಮೇಲೆ ತಡೆದು ನಿಲ್ಲುತ್ತದೆ. ವರ್ಷಗಳ ನಂತರ ಬೆದೆಗೆ ಬಂದಾಗ ಒಂದು ಅಂಡಾಣುವಿನ ಮೊದಲ ಒಡೆತ ಪೂರೈಸುತ್ತದೆ. ಎರಡನೆಯದು ವೀರ್ಯಾಣು ಒಳಹೊಕ್ಕ ಮೇಲಷ್ಟೇ.

ಆದರೆ ಮಿಯಾಸಿಸ್ ಇರುವುದನ್ನು ಕಲಸುತ್ತದೆಯೇ ಹೊರತು ಇಲ್ಲದ್ದನ್ನು ತರುವುದಿಲ್ಲ. ಹೊಸ ಗುಣ ಮೂಡಬೇಕಾದರೆ ಡಿಎನ್‌ಎಯಲ್ಲೇ ಬದಲಾವಣೆ ಆಗಬೇಕು. ಜೋಡಿಯ ಎರಡೂ ತಂತುಗಳು ಒಂದೇ ತೆರನಾಗಿದ್ದರೆ ತುಂಡು ಅದಲುಬದಲಾಗಿ ಏನೂ ಫಲವಿಲ್ಲ. ಊರೂರಿಗೂ ಒಂದೆರಡೇ ಹೋರಿಗಳ ವೀರ್ಯ ಹಂಚುತ್ತ ಹೋದರೆ ಕೆಲವು ತಲೆಮಾರಿನಲ್ಲಿ ಆಗುವುದು ಇದೇ: ಅಣ್ಣ ತಂಗಿಯರ ಸಂಬಂಧ ಬೆಳೆದು, ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಹುಮನಾಬಾದ ತಾಲೂಕಿನ ಹಳ್ಳಿಖೇಡದ ಸರಕಾರಿ ದೇವಣಿ ತಳಿ ಕೇಂದ್ರದಂಥ ಕಡೆ ಹೆಚ್ಚು ಹಾಲಿನ ಒಂದು ವಂಶವಷ್ಟೇ ಅಲ್ಲ, ಬೇರೆ ಬೇರೆ ವಂಶದ ಹೋರಿಗಳೂ ಇರಬೇಕಾದದ್ದು ಇದಕ್ಕೇ. ಕರು ಹೇಗಿರಬೇಕೆಂದು ಆರಿಸುವುದು ರೈತನ ಕೈಯಲ್ಲಿಲ್ಲ; ಹೋರಿಯನ್ನು ಆರಿಸುವುದು, ಸಲಸಲಕ್ಕೂ ಬದಲಿಸುವುದು ಇದೆ.