ಮೂವತ್ತೆರಡು ಹಲ್ಲು, ಎರಡು ಬಾಯಿ

ಹಾವೇರಿಯ ದನದ ಪೇಟೆಯಲ್ಲಿ ಹೋರಿ ಕೊಳ್ಳಲು ಬಂದವರು ಮೈಕಟ್ಟು, ಕೋಡು, ಸುಳಿ ಎಲ್ಲ ನೋಡಿದ ಮೇಲೂ ಬಾಯಿ ಬಿಡಿಸಿ ನೋಡದೆ ದರದ ಮಾತಿಗೆ ಬರುವುದಿಲ್ಲ. ಕೆಳದವಡೆಯ ಮುಂದಿನ ಎಂಟು ಹಲ್ಲುಗಳಲ್ಲಿ ಅದರ ವಯಸ್ಸು ಸಿಗುತ್ತದೆ. ಬರೀ ಹಾಲುಹಲ್ಲಿದ್ದರೆ ‘ಇನ್ನೂ ಹಲ್ಲು ಹಚ್ಚಿಲ್ಲ’. ನಡುವಿನ ಜೋಡಿ ಬಿದ್ದು ಅಗಲವಾದ ಹೊಸ ಜೋಡಿ ಮೂಡಿದರೆ ಎರಡು ಹಲ್ಲಿನ ಹೋರಿ, ಎರಡು-ಎರಡೂವರೆ ವರ್ಷದ್ದು. ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿತು. ಆ ಹೊತ್ತಿಗೆ ನಾಲ್ಕೈದು ವರ್ಷ ತುಂಬಿರುತ್ತದೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಗಟ್ಟಿಯಾದ ಒಂದು ಮೆತ್ತೆ ಇರುತ್ತದೆ.

ಮುಂದಿನ 8 ಹಲ್ಲಿಗೆ ಒಳಗಿನ 24 ದವಡೆ ಹಲ್ಲು ಕೂಡಿಸಿದರೆ 32. ಹಾಲುಹಲ್ಲು ಎಣಿಸಿದರೆ 20. ಮನುಷ್ಯನಿಗೂ ಅಷ್ಟೇ: 20 ಮತ್ತು 32. ರಾಣೆಬೆನ್ನೂರಿನ ಅಭಯಾರಣ್ಯದ ಕೃಷ್ಣಮೃಗಕ್ಕೂ ಮೂವತ್ತೆರಡೇ. ಆದರೆ ಎಣಿಕೆಯಲ್ಲಿ ಕೂಡಿಬಂದ ಈ ಸಾಮ್ಯ ಹಲ್ಲಿನ ಕಟ್ಟಡಕ್ಕೆ ಬಂದರೆ ಉಳಿಯುವುದಿಲ್ಲ.

ಎತ್ತು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಮೇಯುವುದೂ ಸೇರಿ ದವಡೆ 30,000ಕ್ಕೂ ಹೆಚ್ಚು ಸಲ ಆಡುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ತುಂಬಿರುತ್ತದೆ, ಅದು ಹಲ್ಲನ್ನು ಉಜ್ಜಿ ಸವೆಸುತ್ತದೆ. ಹಾಗಿದ್ದೂ ಹತ್ತಾರು ವರ್ಷ ದವಡೆ ತಡೆಯುವುದಕ್ಕೆ ಎರಡು ಕಾರಣ. ಒಂದು, ದವಡೆ ಹಲ್ಲಿನ ಬಹುಭಾಗ ಒಸಡಿನೊಳಗೆ ಹುದುಗಿರುತ್ತದೆ. ಮೇಲೆ ಸವೆದಷ್ಟೂ ಕೆಳಗಿನದು ನಿಧಾನವಾಗಿ ಏರಿ ಬರುತ್ತದೆ. ಎರಡು, ಅದರ ಎನಾಮೆಲ್ ಹಲ್ಲಿನ ಒಳಕ್ಕೆ ಮಡಿಚಿಕೊಂಡಿದೆ. ಮಡಿಕೆಗಳ ನಡುವೆ ಮೆದುವಾದ ಡೆಂಟೈನ್ ಬೇಗ ಸವೆದು ತಗ್ಗಾಗುತ್ತದೆ, ಎನಾಮೆಲ್ ಏಣಾಗಿ ಉಳಿಯುತ್ತದೆ. ಬೀಸುಕಲ್ಲು ಸವೆದರೆ ಉಳಿಯಿಂದ ಕುಟ್ಟಿಸಬೇಕು. ಎತ್ತಿನ ಹಲ್ಲು ಸವೆಯುತ್ತಲೇ ತನ್ನನ್ನು ತಾನು ಕುಟ್ಟಿಕೊಳ್ಳುತ್ತದೆ.

ಇದಕ್ಕೆ ಜೊಲ್ಲಿನ ಕಾವಲು ಬೇರೆ. ದೊಡ್ಡ ಹಸು ದಿನಕ್ಕೆ 100 ಲೀಟರಿನಷ್ಟು ಜೊಲ್ಲು ಸುರಿಸುತ್ತದೆ. ಅದರಲ್ಲಿ ಸೋಡಾದ ಅಂಶ ಹೇರಳ, ಪಿಎಚ್ 8ಕ್ಕಿಂತ ಮೇಲೆ. ಮೇವು ಹುದುಗೆದ್ದು ಆಮ್ಲವಾಗುವ ಕೆಲಸ ಬಾಯಿಯಿಂದ ದೂರ, ಹೊಟ್ಟೆಯ ಚೀಲದಲ್ಲಿ ನಡೆಯುತ್ತದೆ. ಹಾಗಾಗಿ ಹಲ್ಲು ಸವೆದ ಮುದಿ ಎತ್ತುಗಳು ಬೇಕಾದಷ್ಟು, ಹಲ್ಲಿಗೆ ಹುಳ ಹಿಡಿದದ್ದು ಅಪರೂಪ.

ನಮ್ಮ ಬಾಯಿಯಲ್ಲಿ ಸವೆದಷ್ಟೂ ಏರಿ ಬರುವ ಈ ದಾಸ್ತಾನಿಲ್ಲ. ಎನಾಮೆಲ್ ಹೊರಗಡೆ ಮಾತ್ರ, ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್ ದಪ್ಪ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡು ಸೀಳಿ ಬರುವ ಹೊತ್ತಿಗೇ ಅಳಿದುಹೋಗುತ್ತವೆ. ಸಕ್ಕರೆ ಸಿಕ್ಕರೆ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್‌ನಂಥ ಬ್ಯಾಕ್ಟೀರಿಯಾಗಳು ನಿಮಿಷಗಳಲ್ಲಿ ಆಮ್ಲ ಮಾಡುತ್ತವೆ. ಪಿಎಚ್ 5.5ರ ಕೆಳಗಿಳಿದರೆ ಎನಾಮೆಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಈ ಇಳಿತ-ಏರಿಕೆಯನ್ನು ಅಳೆದು ತೋರಿಸಿದರು. ಜೊಲ್ಲು ಆಮ್ಲವನ್ನು ತಣಿಸಿ ಕರಗಿದ ಖನಿಜವನ್ನು ಮತ್ತೆ ಕೂರಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಬಿಡುವು ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ಹಲ್ಲಿನ ಆಯುಷ್ಯ ನಿಂತಿದೆ.

ಇದನ್ನು ಜಗತ್ತು ಕ್ರೂರವಾದ ದಾರಿಯಲ್ಲಿ ಕಲಿಯಿತು. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಗೆ, ಬೇಡವೆನ್ನಲೂ ಬಾರದ ಬುದ್ಧಿಮಾಂದ್ಯ ರೋಗಿಗಳಿಗೆ ಊಟದ ನಡುನಡುವೆ ಅಂಟು ಟಾಫಿ ತಿನ್ನಿಸಿ ಅವರ ಹಲ್ಲು ಹಾಳುಗೆಡವಿದರು. ಊಟದ ಜೊತೆ ಸಕ್ಕರೆ ತಿಂದವರ ಹಲ್ಲು ಅಷ್ಟು ಕೆಡಲಿಲ್ಲ. ಆ ನಿಸ್ಸಹಾಯಕರು ತೆತ್ತ ಬೆಲೆಗೆ ಸಿಕ್ಕ ತಿಳಿವಳಿಕೆಯನ್ನು ನಾವು ಕಡೆಗಣಿಸಬಾರದು: ಎಷ್ಟು ಸಿಹಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಎನ್ನುವುದು ಹೆಚ್ಚು ಕೆಡುಕು.

ಅಗಡಿ, ಬ್ಯಾಡಗಿ, ರಾಣೆಬೆನ್ನೂರಿನ ಮನೆಗಳಿಂದ ಓದಿಗೋ ಕೆಲಸಕ್ಕೋ ಹೊರದೇಶ ಸೇರಿ ವರ್ಷಗಟ್ಟಲೆ ಅಲ್ಲೇ ಇರುವವರ ಬಾಯಿ ಎಡವುವುದು ಇಲ್ಲಿ. ಎರಡು ಹೊತ್ತು ಜೋಳದ ರೊಟ್ಟಿ ಅಗಿಯುತ್ತಿದ್ದ ದವಡೆಗೆ ಕೆಲಸ ಕಡಿಮೆಯಾಗುತ್ತದೆ, ಅಗಿತ ಕಡಿಮೆಯಾದರೆ ಜೊಲ್ಲೂ ಕಡಿಮೆ. ಮೇಜಿನ ಮೇಲೆ ಸಕ್ಕರೆ ಹಾಕಿದ ಕಾಫಿ ಇಟ್ಟುಕೊಂಡು ಮೂರು ತಾಸು ಗುಟುಕರಿಸುತ್ತಾರೆ. ಪರಾಗದ ಅಲರ್ಜಿಗೆ ನುಂಗುವ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. ನಿದ್ದೆಯಲ್ಲಿ ಜೊಲ್ಲು ಹೇಗೂ ಬತ್ತುತ್ತದೆ, ಆದ್ದರಿಂದ ರಾತ್ರಿ ಹಲ್ಲುಜ್ಜುವುದನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ನೀರು ಮುಕ್ಕಳಿಸಿದರೆ ಪೇಸ್ಟಿನ ಫ್ಲೋರೈಡ್ ತೊಳೆದುಹೋಗುತ್ತದೆ. ಊರಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವವರು ಒಯ್ಯಲಿ, ಹಲ್ಲಿಗೂ ಅದು ಒಳ್ಳೆಯದೇ.

ಫ್ಲೋರೈಡ್ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಗೊಂದಲವಿದೆ. ನೆರೆಯ ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿ ಕೊಳವೆಬಾವಿಯ ನೀರಿನಲ್ಲಿ ಅದು ಹೆಚ್ಚಾಗಿ ಮಕ್ಕಳ ಹಲ್ಲು ಕಂದುಗಟ್ಟಿದ್ದನ್ನು ಕಂಡವರು ಹೆಸರು ಕೇಳಿದರೇ ಹಿಂಜರಿಯುತ್ತಾರೆ. ಆ ಕಲೆ ಮೂಡುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಮಾತ್ರ. ಬೆಳೆದವರ ಹಲ್ಲಿಗೆ ಪೇಸ್ಟಿನ ಫ್ಲೋರೈಡ್ ಬೇಕೇ ಬೇಕು. ಅಮೆರಿಕದ ಮಿಷಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ 1945ರಲ್ಲಿ ನಲ್ಲಿ ನೀರಿಗೇ ಅದನ್ನು ಬೆರೆಸಿತು. ಜರ್ಮನಿಯಲ್ಲಿ ನಲ್ಲಿ ನೀರಿಗೆ ಬೆರೆಸುವುದಿಲ್ಲ. ಕೊಲ್ಲಿ ದೇಶಗಳಲ್ಲಿ ಉಪ್ಪು ತೆಗೆದ ಸಮುದ್ರದ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಯಾವ ಊರಿನ ನೀರು ಎಂಥದು ಎಂದು ಹೋದ ಕೂಡಲೇ ವಿಚಾರಿಸಬೇಕು.

ಖರ್ಚಿನ ಮಾತು ಚಿಕ್ಕದು, ಪೆಟ್ಟು ದೊಡ್ಡದು. ಅಮೆರಿಕದಲ್ಲಿ ಹಲ್ಲಿನ ವಿಮೆ ಆರೋಗ್ಯ ವಿಮೆಯಿಂದ ಸಾಮಾನ್ಯವಾಗಿ ಬೇರೆ. ಆಸ್ಟ್ರೇಲಿಯಾದ ಮೆಡಿಕೇರ್ ದೊಡ್ಡವರ ಹಲ್ಲಿನ ಚಿಕಿತ್ಸೆಯ ಬಹುಪಾಲನ್ನು ಭರಿಸುವುದಿಲ್ಲ. ಅದಕ್ಕೇ ನಮ್ಮವರು ನೋವು ನುಂಗಿಕೊಂಡು ರಜೆಗೆ ಊರಿಗೆ ಬರುವ ತನಕ ತಡೆಯುತ್ತಾರೆ. ಹಾವೇರಿಯ ಆಚೆ ಧಾರವಾಡದ ಎಸ್‌ಡಿಎಂ, ಈಚೆ ದಾವಣಗೆರೆಯ ಬಾಪೂಜಿ ದಂತ ಕಾಲೇಜುಗಳಿವೆ, ಎರಡೂ ಹೆದ್ದಾರಿಯ ಹಾದಿಯಲ್ಲೇ. ಆದರೆ ಎನಾಮೆಲ್‌ನಲ್ಲಿದ್ದಾಗ ಪೇಸ್ಟಿನಿಂದಲೇ ತಡೆಯಬಹುದಾಗಿದ್ದ ಬಿಳಿ ಚುಕ್ಕೆ ವರ್ಷ ಕಳೆದು ನರಕ್ಕೆ ಮುಟ್ಟಿದ್ದರೆ ಬೇರುನಾಳದ ಚಿಕಿತ್ಸೆಯೇ ಗತಿ. ಸಡಿಲಾದ ಫಿಲ್ಲಿಂಗ್ ಕೆಳಗೆ ಗಾಳಿ ಸಿಕ್ಕಿಕೊಂಡಿದ್ದರೆ ವಿಮಾನ ಏರಿದಾಗ ಒತ್ತಡ ತಗ್ಗಿ ಆ ಗಾಳಿ ಹಿಗ್ಗುತ್ತದೆ, ಹಲ್ಲು ನೋವಿನಿಂದ ಸಿಡಿಯಬಹುದು. ಹೊರಡುವ ಒಂದೆರಡು ತಿಂಗಳು ಮುಂಚೆಯೇ ಎಕ್ಸ್‌ರೇ ತೆಗೆಸಿ, ಪ್ರತಿಯನ್ನು ಫೋನಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ರಜೆಗೆ ಬಂದವರು ಮದುವೆ, ಗೃಹಪ್ರವೇಶ ಮುಗಿಸಿ ಕೊನೆಯ ವಾರ ದಂತವೈದ್ಯರ ಬಳಿ ಹೋಗುತ್ತಾರೆ. ಬೇರುನಾಳ ಶುದ್ಧ ಮಾಡಿ ಕ್ರೌನ್ ಕೂರಿಸಲು ಸಾಮಾನ್ಯವಾಗಿ ಎರಡು-ಮೂರು ಭೇಟಿ ಬೇಕು, ಬಂದ ಮೊದಲ ವಾರವೇ ಶುರುಮಾಡಬೇಕು. ಇಂಪ್ಲಾಂಟ್ ಆದರೆ ಟೈಟಾನಿಯಂ ತಿರುಪಿಗೆ ಎಲುಬು ಕಚ್ಚಿಕೊಳ್ಳಲು ಹೆಚ್ಚಾಗಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಈ ರಜೆಯಲ್ಲಿ ತಿರುಪು, ಮುಂದಿನ ರಜೆಯಲ್ಲಿ ಹಲ್ಲು ಎಂದು ವೈದ್ಯರೊಂದಿಗೆ ಟಿಕೆಟ್ ಮಾಡಿಸುವ ಮುಂಚೆಯೇ ಮಾತಾಡಿಕೊಳ್ಳಿ.