ಸುಲಭವಾದ ಕರಡಿಯ ಹಿಂದಿನ ಲೆಕ್ಕ

ಕ್ರೋಶಾ ಕಲಿಯಬೇಕೆಂದು ಹೊರಟವರಿಗೆ ಇವತ್ತು ಮೊದಲು ಸಿಗುವ ಸಲಹೆ, ಒಂದು ಪುಟ್ಟ ಪ್ರಾಣಿ ಗೊಂಬೆಯಿಂದ ಶುರು ಮಾಡಿ ಎಂಬುದು. ಅಂಗೈ ಮೇಲೆ ಕೂರುವಷ್ಟು ಕರಡಿ, ಮೊಲ, ಇಲ್ಲವೇ ಪೆಂಗ್ವಿನ್. ಯೂಟ್ಯೂಬ್ ಪಾಠಗಳಲ್ಲೂ ಆನ್‌ಲೈನ್ ಅಂಗಡಿಗಳ ಕಿಟ್‌ಗಳಲ್ಲೂ ಇದಕ್ಕೆ ‘ಹೊಸಬರಿಗೆ ಸುಲಭ’ ಎಂಬ ಚೀಟಿ ಅಂಟಿರುತ್ತದೆ. ಅಮಿಗುರುಮಿ ಎಂಬ ಜಪಾನಿ ಹೆಸರೇ ಈಗ ಎಲ್ಲ ಕಡೆ ಚಾಲ್ತಿಯಲ್ಲಿದೆ. ಆದರೆ ಕೆಲಸದ ಬಗೆಯನ್ನು ನೋಡಿದರೆ ಇದು ಮೊದಲ ಪಾಠವಾಗುವ ವಸ್ತುವೇ ಅಲ್ಲ ಅನ್ನಿಸುತ್ತದೆ. ಹೆಣಿಗೆ ಸುತ್ತು ಸುತ್ತಾಗಿ ಏರಬೇಕು, ಪ್ರತಿ ಸುತ್ತನ್ನೂ ಎಣಿಸಬೇಕು, ಸರಿಯಾದ ಹೊತ್ತಿಗೆ ಫೈಬರ್ ತುಂಬಬೇಕು, ಕಿವಿ ಕೈಕಾಲುಗಳನ್ನು ಸೊಟ್ಟಗಾಗದಂತೆ ಹೊಲಿಯಬೇಕು. ಚಪ್ಪಟೆಯಾದ ಒಂದು ಮಫ್ಲರ್ ಮೇಲ್ನೋಟಕ್ಕೆ ಇದಕ್ಕಿಂತ ಸಲೀಸು. ಹಾಗಿದ್ದೂ ಗೊಂಬೆಯೇ ಹೊಸಬರ ಮೊದಲ ಮೆಟ್ಟಿಲಾದದ್ದು ಹೇಗೆ? ಅದು ತಾನಾಗಿ ಸುಲಭವಾಗಿತ್ತು ಎಂಬುದನ್ನು ಒಪ್ಪುವುದು ಕಷ್ಟ. ಅದನ್ನು ಸುಲಭ ಮಾಡಲಾಯಿತು. ಮಾಡಿದ್ದು ಏಕೆಂದರೆ, ಈ ವ್ಯಾಪಾರದಲ್ಲಿ ಮುಖ್ಯವಾಗಿ ಮಾರಾಟವಾಗುವುದು ಗೊಂಬೆಯನ್ನು ಹೆಣೆಯುವ ವಿವರ. ಅದನ್ನು ಕೊಳ್ಳುವ ಗಿರಾಕಿ ಹೊಸಬರೇ. ಹೆಣೆದು ಮುಗಿಸಲಾಗದ ವಿವರವನ್ನು ಯಾರೂ ಎರಡನೇ ಸಲ ಕೊಳ್ಳುವುದಿಲ್ಲ.

ಕ್ರೋಶಾ ಬಹಳ ಪುರಾತನ ಕಲೆ ಎನ್ನುವವರಿದ್ದಾರೆ. ಪುರಾವೆ ಮಾತ್ರ ಹಾಗೆನ್ನುವುದಿಲ್ಲ. ಈ ಕಸುಬಿನ ಚರಿತ್ರೆಯನ್ನು ಕೆದಕಿದ ಡೆನ್ಮಾರ್ಕಿನ ಲಿಸ್ ಪಾಲುಡಾನ್ ಅವರಿಗೆ, 1800ಕ್ಕೂ ಮುಂಚೆ ಯುರೋಪಿನಲ್ಲಿ ಕ್ರೋಶಾ ಇತ್ತೆನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆ ಸೂಜಿಯಿಂದ ಹಾಕುವ ಕಸೂತಿ ಏಷ್ಯಾದಿಂದ ಯುರೋಪಿಗೆ ಹೋಗಿ, ಅಲ್ಲಿ ಬಟ್ಟೆಯನ್ನು ಕಳಚಿಕೊಂಡು ಕ್ರೋಶಾ ಆಯಿತು ಎಂಬುದು ಹೆಚ್ಚು ನಂಬಬಹುದಾದ ಊಹೆ. ನಮ್ಮ ಮದುವೆ ರವಿಕೆಗಳ ಮೇಲಿನ ಆರಿ ವರ್ಕ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಕ್ಕೆಯ ಸೂಜಿ ಬಟ್ಟೆಯೊಳಗೆ ಇಳಿಯುತ್ತದೆ, ಅಡಿಯ ದಾರವನ್ನು ಮೇಲಕ್ಕೆಳೆಯುತ್ತದೆ, ಹಿಂದಿನ ಕುಣಿಕೆಯೊಳಗೆ ಹೊಸ ಕುಣಿಕೆ ಹಾಯುತ್ತದೆ. ಬಟ್ಟೆಯನ್ನು ಇಲ್ಲವಾಗಿಸಿದರೆ ಉಳಿಯುವ ಸರಪಳಿಯೇ ಕ್ರೋಶಾದ ಚೈನ್. ಅಚ್ಚಾದ ಮೊದಲ ಕ್ರೋಶಾ ವಿವರಗಳು ಕಾಣಿಸಿಕೊಂಡದ್ದು 1823ರಲ್ಲಿ, ‘ಪೆನೆಲೊಪೆ’ ಎಂಬ ಡಚ್ ಪತ್ರಿಕೆಯಲ್ಲಿ. ರೇಷ್ಮೆ ದಾರದ ಹಣದ ಚೀಲಗಳಿಗಾಗಿ.

ಅಲ್ಲಿಂದ ಮುಂದೆ ಕ್ರೋಶಾಕ್ಕೆ ಎರಡು ದಾರಿಗಳಾದವು. ಒಂದು ಪುಸ್ತಕದ ದಾರಿ. 1840ರ ದಶಕದಲ್ಲಿ ಎಲಿಯನೋರ್ ರಿಯೇಗೊ ದ ಲಾ ಬ್ರಾಂಶಾರ್ದಿಯೇರ್ ಲಂಡನ್ನಿನಲ್ಲಿ ಒಂದರ ಹಿಂದೊಂದು ವಿನ್ಯಾಸ ಪುಸ್ತಕ ಪ್ರಕಟಿಸಿದರು. ಬಿಡುವು, ಓದು, ದಾರಕ್ಕೆ ಕಾಸು ಮೂರೂ ಇದ್ದ ಮನೆಯ ಹೆಂಗಸರು ಕೊಂಡು ತಮಗಾಗಿ ಹೆಣೆದರು. ಇನ್ನೊಂದು ಕೂಲಿಯ ದಾರಿ. ಅದೇ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂತು. ಕಾನ್ವೆಂಟುಗಳ ಸನ್ಯಾಸಿನಿಯರು ಬಡ ಹೆಂಗಸರಿಗೂ ಮಕ್ಕಳಿಗೂ ಕ್ರೋಶಾ ಲೇಸ್ ಕಲಿಸಿ ಹೊಟ್ಟೆಪಾಡಿಗೆ ದಾರಿ ಮಾಡಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಗೋದಾವರಿ ತೀರದ ನರಸಾಪುರಕ್ಕೆ ಮಿಷನರಿಗಳು ತಂದ ಲೇಸ್ ಕೆಲಸ ಇವತ್ತಿಗೂ ನಡೆದಿದೆ. ಎರಡು ದಾರಿಯಲ್ಲೂ ಕೊಕ್ಕೆಯ ಕಡ್ಡಿ ಒಂದೇ, ಹೆಣಿಗೆ ಒಂದೇ. ಪುಸ್ತಕದ ದಾರಿಯಲ್ಲಿ ಹೆಣೆಯುವವಳೇ ಗಿರಾಕಿ; ಕೂಲಿಯ ದಾರಿಯಲ್ಲಿ ಗಿರಾಕಿ ಎಲ್ಲೋ ದೂರದ ಪೇಟೆಯಲ್ಲಿ ಕೂತಿರುತ್ತಾನೆ, ಒಂದು ಕುಣಿಕೆ ತಪ್ಪಿದ್ದು ಅವನ ಕಣ್ಣಿಗೆ ಬಿದ್ದರೂ ಮಾಲು ವಾಪಸ್. ಹೊಸಬರ ಗೊಂಬೆ ಮೊದಲನೇ ದಾರಿಯ ಕೂಸು.

ಗೊಂಬೆಯನ್ನು ಸುಲಭ ಮಾಡಿದ್ದರಲ್ಲಿ ದೊಡ್ಡ ಪಾಲು ಜ್ಯಾಮಿತಿಯದು. ಕರಡಿಯ ತಲೆ ಹುಟ್ಟುವುದು ಆರು ಹೆಣಿಗೆಯಿಂದ. ಬೆರಳಿಗೆ ಉಲ್ಲನ್ ಸುತ್ತಿ ಒಂದು ಸಡಿಲ ಉಂಗುರ ಮಾಡಿ, ಅದರೊಳಗೆ ಆರು ಸಿಂಗಲ್ ಕ್ರೋಶಾ ಹಾಕಿ ದಾರದ ತುದಿ ಎಳೆದರೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಇದೇ ಮ್ಯಾಜಿಕ್ ರಿಂಗ್. ಎರಡನೇ ಸುತ್ತಿನಲ್ಲಿ ಪ್ರತಿ ಹೆಣಿಗೆಯಲ್ಲೂ ಎರಡೆರಡು ಹಾಕಿದರೆ ಹನ್ನೆರಡು. ಮುಂದಿನದು ಹದಿನೆಂಟು, ಆಮೇಲೆ ಇಪ್ಪತ್ತನಾಲ್ಕು. ಪ್ರತಿ ಸುತ್ತಿಗೂ ಆರೇ ಏಕೆ ಏರಬೇಕು? ಸಿಂಗಲ್ ಕ್ರೋಶಾದ ಎತ್ತರ, ಅಗಲ ಹೆಚ್ಚುಕಡಿಮೆ ಸಮ. ಒಂದು ಸುತ್ತು ಮುಗಿದರೆ ವೃತ್ತದ ತ್ರಿಜ್ಯ ಒಂದು ಹೆಣಿಗೆಯಷ್ಟು ಬೆಳೆಯುತ್ತದೆ. ಪರಿಧಿ ಅದರ 6.28 ಪಟ್ಟು, ಅಂದರೆ ಎರಡು ಪೈಯಷ್ಟು ಬೆಳೆಯಬೇಕು. ಅದಕ್ಕೆ ಹತ್ತಿರದ ಪೂರ್ಣಸಂಖ್ಯೆ ಆರು. ಆರಾರು ಏರಿಸುತ್ತಿದ್ದರೆ ತಟ್ಟೆ ಚಪ್ಪಟೆಯಾಗಿ ಹರಡುತ್ತದೆ. ಮೂವತ್ತಾರಕ್ಕೆ ಬಂದು ಏರಿಕೆ ನಿಲ್ಲಿಸಿ ಹಾಗೇ ಸುತ್ತಿದರೆ ಗೋಡೆ ಎದ್ದು ಬಟ್ಟಲಾಗುತ್ತದೆ. ಆರಾರು ಇಳಿಸುತ್ತ ಬಂದರೆ ಬಾಯಿ ಕಿರಿದಾಗಿ ಚೆಂಡು. ಲೆಕ್ಕ ಮೀರಿ ಏರಿಸುತ್ತಲೇ ಹೋದರೆ ಅಂಚು ಕೋಸಿನ ಎಲೆಯ ಹಾಗೆ ಸುಕ್ಕುಸುಕ್ಕಾಗಿ ಅಲೆಯೇಳುತ್ತದೆ. ಹೊಸಬರು ಅದನ್ನು ಬಿಚ್ಚಿಹಾಕುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಬೇಕೆಂದೇ ಹಾಗೆ ಹೆಣೆದು, ಹೈಪರ್ಬಾಲಿಕ್ ಜ್ಯಾಮಿತಿಯ ಸಮತಲವನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟರು.

ಈ ಲೆಕ್ಕದಿಂದ ಹೊಸಬರಿಗಾಗುವ ಲಾಭವನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಚಪ್ಪಟೆ ಮಫ್ಲರಿನಲ್ಲಿ ಪ್ರತಿ ಸಾಲಿನ ಕೊನೆಗೂ ಹೆಣಿಗೆಯನ್ನು ತಿರುಗಿಸಬೇಕು. ಹೊಸಬರು ಕೊನೆಯ ಹೆಣಿಗೆಯನ್ನು ತಪ್ಪಿಸುವುದು ಅಲ್ಲೇ. ಹತ್ತು ಸಾಲು ಆಗುವಷ್ಟರಲ್ಲಿ ಮಫ್ಲರ್ ಒಂದು ಕಡೆ ಮೊನಚಾಗಿರುತ್ತದೆ. ಸುರುಳಿಯಲ್ಲಿ ಅಂಚೂ ಇಲ್ಲ, ತಿರುವೂ ಇಲ್ಲ. ಸುತ್ತಿನ ಮೊದಲ ಹೆಣಿಗೆಗೆ ಒಂದು ಪಿನ್ನೋ ಬೇರೆ ಬಣ್ಣದ ದಾರದ ತುಂಡೋ ಸಿಕ್ಕಿಸಿಕೊಂಡರೆ ಲೆಕ್ಕ ಕೈತಪ್ಪದು. ಒಂದು ಸುತ್ತಿನಲ್ಲಿ ಒಂದು ಹೆಣಿಗೆ ಹೆಚ್ಚಾದರೆ ಮುಂದಿನ ಸುತ್ತಿನಲ್ಲಿ ಒಂದನ್ನು ನುಂಗಿಸಿ ಸರಿಹೊಂದಿಸಬಹುದು, ಫೈಬರ್ ತುಂಬಿದ ಮೇಲೆ ಆ ಜಾಗ ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ. ಲೇಸಿನಲ್ಲಿ ಈ ಕ್ಷಮೆಯಿಲ್ಲ: ಅಲ್ಲಿ ತೂತೇ ವಿನ್ಯಾಸ, ಒಂದು ತೂತು ದೊಡ್ಡದಾದರೆ ಕಣ್ಣಿಗೆ ಹೊಡೆಯುತ್ತದೆ. ಗೊಂಬೆ ಕೇಳುವ ಶಿಸ್ತು ಮುಖ್ಯವಾಗಿ ಬಿಗಿಯದು. ಉಲ್ಲನ್ ಉಂಡೆಯ ಚೀಟಿಯಲ್ಲಿ ಹೇಳಿದ್ದಕ್ಕಿಂತ ಒಂದೆರಡು ನಂಬರ್ ಸಣ್ಣ ಕಡ್ಡಿ ಹಿಡಿದು ಒತ್ತಾಗಿ ಹೆಣೆದರೆ ಒಳಗಿನ ಬಿಳಿ ಫೈಬರ್ ಇಣುಕುವುದಿಲ್ಲ.

ಮೆತ್ತನೆಯ ಗೊಂಬೆಗಳು ಕ್ರೋಶಾ ಗೊಂಬೆಗೂ ಮುಂಚೆ ಇರಲಿಲ್ಲವೇ ಎಂದು ಕೇಳಬಹುದು. ಇದ್ದವು. ಅವುಗಳಲ್ಲಿ ಬಲು ಹೆಸರಾದದ್ದೂ ಒಂದು ಪತ್ರಿಕೆಯ ವಿನ್ಯಾಸದಿಂದಲೇ ಹುಟ್ಟಿತು. ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟೆ ಸ್ಟೈಫ್‌ ಬಾಲ್ಯದ ಪೋಲಿಯೊದಿಂದ ಗಾಲಿಕುರ್ಚಿಯಲ್ಲೇ ಬದುಕಿದ ದರ್ಜಿ. ‘ಮೋಡೆನ್‌ವೆಲ್ಟ್’ ಎಂಬ ಫ್ಯಾಷನ್ ಪತ್ರಿಕೆಯಲ್ಲಿ 1879ರ ಡಿಸೆಂಬರಿನಲ್ಲಿ ಬಂದ ಆನೆಯ ವಿನ್ಯಾಸ ನೋಡಿ ಫೆಲ್ಟ್ ಬಟ್ಟೆಯಲ್ಲಿ ಹೊಲಿದರು. ಅದು ಸೂಜಿ ಚುಚ್ಚಿಡುವ ಪುಟ್ಟ ದಿಂಬಾಗಬೇಕಿತ್ತು. ಮಕ್ಕಳು ಕಸಿದುಕೊಂಡು ಆಟಿಕೆ ಮಾಡಿಕೊಂಡರು. ಅಲ್ಲಿಂದ ಕಂಪನಿ ಬೆಳೆಯಿತು, ಸೋದರಳಿಯ ರಿಚರ್ಡ್ 1902ರಲ್ಲಿ ರೂಪಿಸಿದ ಕರಡಿ ಜಗತ್ತು ಸುತ್ತಿತು. ಆದರೆ ಬಟ್ಟೆ ಗೊಂಬೆಗೆ ಚಪ್ಪಟೆ ತುಂಡುಗಳನ್ನು ಕತ್ತರಿಸಿ, ಉಬ್ಬು ಬರುವಂತೆ ಹೊಲಿಯಬೇಕು. ಕತ್ತರಿ ಒಮ್ಮೆ ತಪ್ಪಿದರೆ ಬಟ್ಟೆ ಹೋಯಿತು. ಕ್ರೋಶಾದಲ್ಲಿ ಬಟ್ಟೆಯೂ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ತಪ್ಪಿದರೆ ದಾರ ಎಳೆದರಾಯಿತು, ಉಲ್ಲನ್ ಮತ್ತೆ ಉಂಡೆಯಾಗಿ ಕೂರುತ್ತದೆ.

ಚೆಂಡೊಂದು ಪ್ರಾಣಿಯಾಗಲು ಮುಖ ಬೇಕು, ಆ ಮುಖ ಜಪಾನಿನಿಂದ ಬಂತು. ದೊಡ್ಡ ತಲೆ, ಕೆಳಗೆ ಕೂತ ದೊಡ್ಡ ಕಣ್ಣು, ಮೋಟು ಕೈಕಾಲು ಕಂಡರೆ ಮನುಷ್ಯರಿಗೆ ಎಳೆಕೂಸಿನ ಮೇಲಿನ ಅಕ್ಕರೆಯೇ ಉಕ್ಕುತ್ತದೆ ಎಂದು ಪ್ರಾಣಿವರ್ತನೆಯ ಅಧ್ಯಯನಕಾರ ಕೊನ್ರಾಡ್ ಲೊರೆಂಜ್ 1943ರಲ್ಲೇ ವಾದಿಸಿದ್ದ. 1970ರ ದಶಕದ ಜಪಾನ್ ಅದನ್ನು ಉದ್ಯಮ ಮಾಡಿತು. ಸ್ಯಾನ್ರಿಯೊ ಕಂಪನಿಯ ಹಲೋ ಕಿಟ್ಟಿ ಹುಟ್ಟಿದ್ದು 1974ರಲ್ಲಿ. ಬಾಯಿಯೂ ಇಲ್ಲದ ಆ ಬೆಕ್ಕಿನ ಮುಖದಲ್ಲಿರುವುದು ಎರಡು ಚುಕ್ಕಿ ಕಣ್ಣು, ಒಂದು ಮೂಗು, ನಾಲ್ಕಾರು ಗೆರೆ. ಹೊಸಬರಿಗೆ ಇದಕ್ಕಿಂತ ಅನುಕೂಲದ ಸೌಂದರ್ಯ ಸಿಗಲಾರದು. ಕೈ ಪಳಗದವರಿಂದ ಆಗುವುದು ಚೆಂಡು ಮತ್ತು ಕೊಳವೆ. ಮುದ್ದಿಗೆ ಬೇಕಿರುವುದೂ ಚೆಂಡು ಮತ್ತು ಕೊಳವೆಯೇ. ತಲೆ ದೇಹಕ್ಕಿಂತ ದೊಡ್ಡದಾದರೆ ಯಾರೂ ತಪ್ಪೆನ್ನರು. ಜಪಾನಿ ಪುಸ್ತಕಗಳ ಇನ್ನೊಂದು ಗುಣವೂ ಸಹಾಯಕ್ಕೆ ಬಂತು. ಅಲ್ಲಿ ಹೆಣಿಗೆಯನ್ನು ಮಾತಿಗಿಂತ ಹೆಚ್ಚಾಗಿ ಚಿಹ್ನೆಗಳ ನಕ್ಷೆಯಲ್ಲಿ ತೋರಿಸುತ್ತಾರೆ. ಆ ಚಿಹ್ನೆಗಳಿಗೆ ಜಪಾನಿನ ಕೈಗಾರಿಕಾ ಮಾನದಂಡವೇ ಇದೆ. ಒಂದಕ್ಷರ ಜಪಾನಿ ಬಾರದವರೂ ನಕ್ಷೆ ನೋಡಿ ಹೆಣೆಯಬಲ್ಲರು. ಇಂಗ್ಲಿಷ್ ಪುಸ್ತಕಗಳಿಗೆ ಈ ಸೌಕರ್ಯವಿರಲಿಲ್ಲ: ಅಮೆರಿಕದವರು ಸಿಂಗಲ್ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ, ಯಾವ ದೇಶದ ಪುಸ್ತಕವೆಂದು ನೋಡದೆ ಶುರು ಮಾಡಿದರೆ ಕರಡಿಯ ತಲೆ ಉದ್ದವಾಗುತ್ತದೆ.

ಇಂಟರ್ನೆಟ್ ಬಂದ ಮೇಲೆ ವಿನ್ಯಾಸದ ವ್ಯಾಪಾರಕ್ಕೆ ಅಚ್ಚಿನ ಹಂಗೂ ಉಳಿಯಲಿಲ್ಲ. 2005ರಲ್ಲಿ ಎಟ್ಸಿ, 2007ರಲ್ಲಿ ರಾವೆಲ್ರಿ ಎಂಬ ಜಾಲತಾಣಗಳು ಶುರುವಾಗಿ, ಒಂದು ಮೊಲದ ವಿವರವನ್ನು ನಾಲ್ಕು ಪುಟದ ಕಡತವಾಗಿ ಯಾರು ಯಾರಿಗೆ ಬೇಕಾದರೂ ಮಾರುವಂತಾಯಿತು. ಗೊಂಬೆಯನ್ನು ಸುಲಭ ಮಾಡಲಾಯಿತು ಎಂಬ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ 2020ರಲ್ಲಿ ಅಮೆರಿಕದಲ್ಲಿ ಶುರುವಾದ ದ ವೂಬಲ್ಸ್ ಕಂಪನಿಯದು. ಅದರ ಹೊಸಬರ ಕಿಟ್‌ನಲ್ಲಿ ಗೊಂಬೆಯ ಮೊದಲ ಸುತ್ತುಗಳನ್ನು ಹೆಣೆದೇ ಕೊಟ್ಟಿರುತ್ತಾರೆ. ಮ್ಯಾಜಿಕ್ ರಿಂಗಿನ ಗೋಜೇ ಇಲ್ಲ. ಗೊಂಬೆ ನಿಜಕ್ಕೂ ಸುಲಭವಾಗಿದ್ದರೆ ಈ ಕಿಟ್‌ಗೆ ಗಿರಾಕಿಯೇ ಇರುತ್ತಿರಲಿಲ್ಲ. ಅತ್ಯಂತ ಕಷ್ಟದ ಒಂದೇ ಒಂದು ಹೆಜ್ಜೆ ಎಲ್ಲಿದೆಯೆಂದು ಗುರುತಿಸಿ, ಅದನ್ನು ತಾವೇ ದಾಟಿಸಿ, ಆ ಸೇವೆಯನ್ನು ಮಾರಿದರು. ಕಷ್ಟದ್ದನ್ನು ಬಿಟ್ಟುಕೊಟ್ಟ ಮೇಲೆ ಕಲಿಕೆ ಎಲ್ಲಿ ಬಂತು ಎಂದು ಹಳಬರು ಮೂಗು ಮುರಿಯುವುದುಂಟು. ಆ ಆಕ್ಷೇಪಕ್ಕೆ ಅಷ್ಟು ಸೊಪ್ಪು ಹಾಕಬೇಕಿಲ್ಲ. ಉಂಗುರ ಮೊದಲಿಗೇ ಯಾಕೆ ಬರಬೇಕು? ದಾರವನ್ನು ಎಡಗೈ ಬೆರಳುಗಳ ನಡುವೆ ಒಂದೇ ಬಿಗಿಯಲ್ಲಿ ಹರಿಯಬಿಡುವುದು ಕೈಗೆ ಬಂದ ಮೇಲೆ ಅದೇ ಉಂಗುರ ಎರಡು ನಿಮಿಷದ ಮಾತು. ಕ್ರಮ ಬದಲಾಯಿತೇ ಹೊರತು ಪಾಠ ಕಡಿಮೆಯಾಗಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಓರೆಕೋರೆಯೂ ಮುದ್ದೇ ಎಂಬ ಧಾರಾಳತನ ಗೊಂಬೆ ಶೆಲ್ಫಿನ ಮೇಲಿರುವ ತನಕ ಸರಿ. ಅದು ಹಸುಗೂಸಿನ ಬಾಯಿಗೆ ಹೋಗುವಾಗ ನಡೆಯದು. ಡೆನ್ಮಾರ್ಕಿನಲ್ಲಿ 2013ರಿಂದ ಸ್ವಯಂಸೇವಕರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕ್ರೋಶಾ ಆಕ್ಟೋಪಸ್ ಹೆಣೆದು ಆಸ್ಪತ್ರೆಗಳಿಗೆ ಕೊಡುತ್ತ ಬಂದಿದ್ದಾರೆ. ಅಲ್ಲಿ ನಿಯಮ ಕಟ್ಟುನಿಟ್ಟು: ಶುದ್ಧ ಹತ್ತಿ ದಾರ, ಎಳೆದರೂ 22 ಸೆಂ.ಮೀ. ದಾಟದ ಕಾಲು, ಫೈಬರ್ ಹೊರಬಾರದ ಬಿಗಿ. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಪ್ಲಾಸ್ಟಿಕ್ ಕಣ್ಣು ಹಾಕದೆ ಕಪ್ಪು ದಾರದಿಂದಲೇ ಕಣ್ಣು ಹೊಲಿಯುವುದು ಕ್ಷೇಮ, ಆ ಪ್ಲಾಸ್ಟಿಕ್ ಕಣ್ಣಿನ ಹೆಸರಿನಲ್ಲಿ ‘ಸೇಫ್ಟಿ’ ಎಂದಿದ್ದರೂ ಸರಿಯೇ. ಮಾರುವವರಿಗೆ ಕಾನೂನೂ ಇದೆ. 2021ರ ಜನವರಿಯಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿಯುಂಟು. ನೋಂದಾಯಿಸದೆ ಇನ್‌ಸ್ಟಾಗ್ರಾಮಿನಲ್ಲಿ ಮಾರುವವರಿಗೆ ಅದು ಒದಗುವುದಿಲ್ಲ.

ಮಾರಾಟಕ್ಕಿಳಿದ ಕೂಡಲೇ ಪುಸ್ತಕದ ದಾರಿ ಕೂಲಿಯ ದಾರಿಗೆ ಹೊರಳುತ್ತದೆ, ಹಳೆಯ ತೊಡಕುಗಳೂ ಬೆನ್ನಿಗೆ ಬರುತ್ತವೆ. ಮಾರುಕಟ್ಟೆಗೆ ಮಾಲು ಹೊರಡಿಸುವ ಮಟ್ಟದ ಕ್ರೋಶಾ ಯಂತ್ರ ಇನ್ನೂ ಬಂದಿಲ್ಲ. ಜರ್ಮನಿಯ ಬೀಲೆಫೆಲ್ಡ್‌ನ ಸಂಶೋಧಕರು ಮಾಡಿರುವುದು ಒಂದು ಮಾದರಿ ಮಾತ್ರ. ಹಾಗಾಗಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಗೊಂಬೆಯ ಹಿಂದೆಯೂ ಯಾರದೋ ಗಂಟೆಗಟ್ಟಲೆ ದುಡಿಮೆಯಿದೆ. ನರಸಾಪುರದ ಲೇಸ್ ಹೆಂಗಸರ ಬಗ್ಗೆ 1982ರಲ್ಲಿ ಪುಸ್ತಕ ಬರೆದ ಸಮಾಜವಿಜ್ಞಾನಿ ಮರಿಯಾ ಮೀಸ್, ದಿನವಿಡೀ ಹೆಣೆಯುವವರನ್ನು ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರೆಂದು ಕರೆದದ್ದರಿಂದಲೇ ಅವರ ಕೂಲಿ ಮೇಲೇಳಲಿಲ್ಲ ಎಂದು ತೋರಿಸಿದರು. ಕರ್ನಾಟಕದಲ್ಲಿ ಇದೇ ಕಡ್ಡಿ ಹಿಡಿದವರು ಸೀರೆಗೆ ಕುಚ್ಚು ಹಾಕುವವರು. ಜಾರುವ ರೇಷ್ಮೆ ದಾರದಲ್ಲಿ, ಸೆರಗಿನುದ್ದಕ್ಕೂ ಒಂದೇ ಅಳತೆಯ ಕಮಾನುಗಳನ್ನು, ನಡುನಡುವೆ ಮಣಿ ಪೋಣಿಸಿ ಹೆಣೆಯುವ ಕ್ರೋಶಾ ಕುಚ್ಚು ಕರಡಿಯ ತಲೆಗಿಂತ ಎಷ್ಟೋ ಕಠಿಣ. ಸೀರೆಗಿಷ್ಟೆಂದು ಸಿಗುವ ಆ ಕೂಲಿಯನ್ನೂ ‘ಮನೆಯಲ್ಲೇ ಕೂತು ಮಾಡುವ ಕೆಲಸ’ ಎಂದು ಚೌಕಾಸಿ ಮಾಡುವವರಿಗೆ ಕೊರತೆಯಿಲ್ಲ. ಬಿಗಿ, ಅಳತೆ, ವೇಗ ಎಲ್ಲ ಕೈಗತವಾಗಿರುವ ಈ ಹೆಂಗಸರಿಗೆ ಗೊಂಬೆಯಲ್ಲಿ ಹೊಸದೆಂದರೆ ಸುರುಳಿಯೂ ಎಣಿಕೆಯೂ ಮಾತ್ರ. ಆದರೆ ಗೊಂಬೆಯ ಪಾಠಗಳು ಕಡ್ಡಿ ಹಿಡಿಯುವುದು ಹೇಗೆ ಎಂಬಲ್ಲಿಂದ ಶುರುವಾಗುತ್ತವೆ, ಕಿಟ್‌ಗಳ ಬೆಲೆಯೂ ಹವ್ಯಾಸಕ್ಕೆ ಕಾಸು ಎತ್ತಿಡಬಲ್ಲವರ ಲೆಕ್ಕದ್ದು. ಈ ವ್ಯಾಪಾರ ಮನಸ್ಸಿನಲ್ಲಿಟ್ಟುಕೊಂಡ ಹೊಸಬರ ಪಟ್ಟಿಯಲ್ಲಿ ಕುಚ್ಚು ಹಾಕುವವರು ಇಲ್ಲ.